ಸೈನಿಕನೇ ಊರವರನ್ನು ಕೊಂದರೆ ವಿಚಾರಣೆ ಯಾರ ಊರಿನಲ್ಲಿ ಆಗಬೇಕು?

ಪೆರ್ಲದವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸೈನಿಕನೊಬ್ಬ ಕ್ಯಾಂಪಿನಿಂದ ಹೊರಗೆ ಹೋಗಿ, ಯಾವ ಜಗಳಕ್ಕೂ ಸಂಬಂಧ ಇಲ್ಲದ ಊರವರನ್ನು ಮನೆಗೆ ನುಗ್ಗಿ ಕೊಂದರೆ ಅವನ ವಿಚಾರಣೆ ಎಲ್ಲಿ ನಡೆಯಬೇಕು? ಅವನ ಸೇನೆಯ ಕೋರ್ಟಿನಲ್ಲಾ, ಸತ್ತವರ ಊರಿನ ಕೋರ್ಟಿನಲ್ಲಾ? ಕಾನೂನು ಏನು ಹೇಳುತ್ತದೆ ಅನ್ನುವುದೂ ಬೇಕು, ನಿಮಗೆ ಏನನ್ನಿಸುತ್ತದೆ ಅನ್ನುವುದೂ ಬೇಕು.

ನಾನು ಮಂಗಳೂರಿನಲ್ಲಿ ಕಾನೂನು ಓದುತ್ತಿದ್ದೇನೆ. ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ನನ್ನ ಸೋದರಮಾವ ಸೇನೆಯಲ್ಲಿದ್ದು ಪಿಂಚಣಿಗೆ ಬಂದವರು. ರಜೆಯಲ್ಲಿ ಮನೆಗೆ ಬಂದರೆ ರಾತ್ರಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ನಮ್ಮಿಬ್ಬರಿಗೂ ಇದೇ ಚರ್ಚೆ. ಮಾವ ಹೇಳುವುದು: "ಮಿಲಿಟರಿ ಕೋರ್ಟಿನಷ್ಟು ಬಿಗಿ ಬೇರೆ ಯಾವ ಕೋರ್ಟಿಗೂ ಇಲ್ಲ. ಅಲ್ಲಿ ವಾಯಿದೆ ಮೇಲೆ ವಾಯಿದೆ ಕೊಡುವುದಿಲ್ಲ. ತಪ್ಪು ಮಾಡಿದವನಿಗೆ ಶಿಕ್ಷೆ ಆದರೆ ಸಾಕಲ್ವಾ, ಎಲ್ಲಿ ಆದರೇನು?" ನನಗೆ ಆ "ಎಲ್ಲಿ ಆದರೇನು" ಒಪ್ಪಿಗೆಯಿಲ್ಲ.

ನಾನು ಓದುತ್ತಿರುವ ಪ್ರಕರಣ ಇದು. 2012ರ ಮಾರ್ಚ್ 11. ಅಫ್ಘಾನಿಸ್ತಾನದ ಕಂದಹಾರ್ ಪ್ರಾಂತ್ಯದ ಪಂಜ್ವಾಯಿ ಜಿಲ್ಲೆ. ಅಮೆರಿಕದ ಸ್ಟಾಫ್ ಸಾರ್ಜೆಂಟ್ ರಾಬರ್ಟ್ ಬೇಲ್ಸ್ ರಾತ್ರಿಯಲ್ಲಿ ತನ್ನ ಸಣ್ಣ ನೆಲೆಯಿಂದ ಬಂದೂಕು ಹಿಡಿದು ಒಬ್ಬನೇ ಹೊರಟ. ಮೊದಲು ಹೋದದ್ದು ಅಲ್ಕೋಜಾಯಿ ಎನ್ನುವ ಹಳ್ಳಿಗೆ. ಅಲ್ಲಿ ಮನೆಗಳಿಗೆ ನುಗ್ಗಿ ಜನರನ್ನು ಕೊಂದು ನೆಲೆಗೆ ವಾಪಸ್ ಬಂದ. ಮಲಗಿದ್ದ ಜೊತೆಯ ಸೈನಿಕನನ್ನು ಎಬ್ಬಿಸಿ, ಜನರನ್ನು ಕೊಂದು ಬಂದೆ ಎಂದೇ ಹೇಳಿದ. ಆ ಸೈನಿಕ ನಂಬಲಿಲ್ಲ, ತಿರುಗಿ ಮಲಗಿದ. ಬೇಲ್ಸ್ ಪುನಃ ಹೊರಟು ನಜೀಬಾನ್ ಎನ್ನುವ ಇನ್ನೊಂದು ಹಳ್ಳಿಗೆ ಹೋದ. ಒಟ್ಟು 16 ಜನ ಸತ್ತರು. ಅವರಲ್ಲಿ 9 ಮಕ್ಕಳು. ಒಂದೇ ಕುಟುಂಬದ 11 ಜನ. ಕೆಲವು ಶವಗಳಿಗೆ ಬೆಂಕಿ ಹಚ್ಚಿದ್ದ.

ಎರಡು ಹಳ್ಳಿಗಳ ನಡುವೆ ಅವನು ನೆಲೆಗೆ ಬಂದು ಹೋದ ಆ ಹೊತ್ತನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆಗ ಯಾರಾದರೂ ಅವನ ಮಾತನ್ನು ನಂಬಿ ತಡೆದಿದ್ದರೆ ನಜೀಬಾನ್ ಉಳಿಯುತ್ತಿತ್ತು.

ಅಫ್ಘಾನಿಸ್ತಾನದ ಸಂಸತ್ತು, ವಿಚಾರಣೆ ನಮ್ಮ ನೆಲದಲ್ಲೇ ಆಗಬೇಕು ಎಂದು ಒತ್ತಾಯ ಮಾಡಿತು. ಅಷ್ಟರಲ್ಲಿ ಅಮೆರಿಕ ಅವನನ್ನು ಮೊದಲು ಕುವೈತಿಗೆ, ಕೆಲವೇ ದಿನದಲ್ಲಿ ತನ್ನ ದೇಶಕ್ಕೆ ಸಾಗಿಸಿ ಆಗಿತ್ತು. ಅಲ್ಲಿದ್ದ ಅಮೆರಿಕದ ಸೈನಿಕರ ಅಪರಾಧಗಳನ್ನು ಅಮೆರಿಕವೇ ವಿಚಾರಿಸುತ್ತದೆ ಅನ್ನುವ ಒಪ್ಪಂದ 2003ರಿಂದಲೇ ಇತ್ತಂತೆ. ಹಾಗಾಗಿ ಕೇಸು ನಡೆದದ್ದು ವಾಷಿಂಗ್ಟನ್ ರಾಜ್ಯದ ಲೂಯಿಸ್-ಮೆಕಾರ್ಡ್ ಸೇನಾ ನೆಲೆಯಲ್ಲಿ. 2012ರ ನವೆಂಬರಿನಲ್ಲಿ ಮೊದಲ ಹಂತದ ವಿಚಾರಣೆ ಆದಾಗ ಊರವರು ಕಂದಹಾರಿನಿಂದ ವಿಡಿಯೋದಲ್ಲಿ ಸಾಕ್ಷಿ ಹೇಳಿದರು. ಅವರಿಗೆ ಹಗಲು, ಕೋರ್ಟಿಗೆ ರಾತ್ರಿ. ನಡುವೆ ದುಭಾಷಿ.

ಮರಣದಂಡನೆ ತಪ್ಪಿಸಿಕೊಳ್ಳಲು 2013ರ ಜೂನಿನಲ್ಲಿ ಬೇಲ್ಸ್ ತಪ್ಪೊಪ್ಪಿಕೊಂಡ. ಯಾಕೆ ಮಾಡಿದೆ ಎಂದು ನ್ಯಾಯಾಧೀಶರು ಕೇಳಿದರೆ ಅದಕ್ಕೆ ಸರಿಯಾದ ಕಾರಣ ಅವನ ಬಳಿ ಇರಲಿಲ್ಲ. ಆಗಸ್ಟಿನಲ್ಲಿ ಎಷ್ಟು ಶಿಕ್ಷೆ ಅನ್ನುವುದನ್ನು ತೀರ್ಮಾನಿಸುವಾಗ ಕೆಲವು ಹಳ್ಳಿಗರನ್ನು ವಿಮಾನದಲ್ಲಿ ಕರೆಸಿದರು. ಗುಂಡು ತಗುಲಿ ಬದುಕಿದ ಒಬ್ಬ ರೈತ ಕಟಕಟೆಗೆ ಬಂದು ಬೇಲ್ಸನನ್ನು ಬೈದ. ಆಮೇಲೆ ಅಳು ತಡೆಯಲಾಗದೆ, ಇನ್ನು ನನ್ನನ್ನು ಏನೂ ಕೇಳಬೇಡಿ ಎಂದು ಸರ್ಕಾರಿ ವಕೀಲರನ್ನು ಬೇಡಿಕೊಂಡು ಹೊರಟುಬಿಟ್ಟ. ಆಗಸ್ಟ್ 23ಕ್ಕೆ ಆರು ಜನರ ಸೇನಾ ಜ್ಯೂರಿ, ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆ ಕೊಟ್ಟಿತು. ಬಂದ ಹಳ್ಳಿಗರಿಗೆ ಅದರಿಂದ ಸಮಾಧಾನ ಆಗಲಿಲ್ಲ. ಅವರಿಗೆ ಮರಣದಂಡನೆ ಬೇಕಿತ್ತು.

ಮಾವ ಕೇಳುತ್ತಾರೆ, ಒಂದೂವರೆ ವರ್ಷದಲ್ಲಿ ಕೇಸು ಮುಗಿಯಿತು, ಸಾಯುವವರೆಗೆ ಜೈಲು, ಇನ್ನೇನು ಬೇಕು ನಿನಗೆ? ನಾನು ಕೇಳುವುದು, ಕೊಲೆಯಾದ ಊರಿನಲ್ಲಿ ಎಷ್ಟು ಜನರಿಗೆ ಆ ಕೋರ್ಟಿನ ಬಾಗಿಲು ಕಾಣಲು ಸಿಕ್ಕಿತು? ನಮ್ಮ ದೇಶದಲ್ಲೇ ಇಂಥದ್ದು ಆದರೆ ಏನು ಮಾಡುತ್ತಾರೆ? ತಿಳಿದವರು ದಯವಿಟ್ಟು ಹೇಳಿ.

ಮುಳ್ಳೇರಿಯದ ನಿವೃತ್ತ ಹವಾಲ್ದಾರ್

ತಂಗೀ, ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು. ಕೋರ್ಟ್ ಮಾರ್ಷಲ್ ಅಂದರೆ ಸೇನೆಯ ಕೋರ್ಟ್, ಅದರ ಕಾಗದಪತ್ರ ಟೈಪ್ ಮಾಡಿದ್ದೇನೆ, ಒಳಗೆ ನಿಂತು ನೋಡಿದ್ದೇನೆ. ನಿನ್ನ ಮಾವ ಹೇಳಿದ್ದು ಸುಮ್ನೆ ಹೇಳಿದ್ದಲ್ಲ. ಆದರೆ ನಮ್ಮ ಕಾನೂನು ಅವರು ಅಂದುಕೊಂಡ ಹಾಗೆ ಇಲ್ಲ.

ಆರ್ಮಿ ಆಕ್ಟ್ 1950ರ 70ನೇ ಸೆಕ್ಷನ್ ಓದು. ಸೇನೆಯ ಕಾನೂನಿಗೆ ಒಳಪಡದ ಸಾಮಾನ್ಯ ಪ್ರಜೆಯನ್ನು ಸೈನಿಕ ಕೊಲೆ ಮಾಡಿದರೆ ಕೋರ್ಟ್ ಮಾರ್ಷಲ್ ಮಾಡುವ ಹಾಗಿಲ್ಲ. ಅತ್ಯಾಚಾರಕ್ಕೂ ಅದೇ ಮಾತು. ನಿಯಮ ಅದೇ. ನಾನು ರಜೆಗೆ ಊರಿಗೆ ಬಂದು ಮುಳ್ಳೇರಿಯದ ಪೇಟೆಯಲ್ಲಿ ಒಬ್ಬನನ್ನು ಕೊಂದೆ ಅಂತ ಇಟ್ಟುಕೋ. ಆದೂರು ಪೊಲೀಸರು ಹಿಡಿಯುತ್ತಾರೆ, ಕಾಸರಗೋಡಿನ ವಿದ್ಯಾನಗರದ ಸೆಷನ್ಸ್ ಕೋರ್ಟಿನಲ್ಲಿ ಕೇಸು ನಡೆಯುತ್ತದೆ. ಯೂನಿಟ್ಟಿಗೆ ಮಾಹಿತಿ ಹೋಗುತ್ತದೆ, ಅಷ್ಟೇ.

ಆದರೆ ಆ ನಿಯಮಕ್ಕೆ ಮೂರು ವಿನಾಯಿತಿ ಇಟ್ಟಿದ್ದಾರೆ. ಸೈನಿಕ ಆಗ 'ಆಕ್ಟಿವ್ ಸರ್ವಿಸ್'ನಲ್ಲಿ ಇದ್ದರೆ, ಭಾರತದ ಹೊರಗೆ ಇದ್ದರೆ, ಅಥವಾ ಸರ್ಕಾರ ಗುರುತಿಸಿದ ಗಡಿ ಠಾಣೆಯಲ್ಲಿ ಇದ್ದರೆ ಸೇನೆಯೇ ವಿಚಾರಣೆ ಮಾಡಬಹುದು. ಆಕ್ಟಿವ್ ಸರ್ವಿಸ್ ಅಂದರೆ ಬರೀ ಯುದ್ಧ ಅಲ್ಲ. ಸರ್ಕಾರ ಆದೇಶ ಹೊರಡಿಸಿ ಇಂಥ ಕಡೆ ಇರುವವರೆಲ್ಲ ಆಕ್ಟಿವ್ ಸರ್ವಿಸ್‌ನಲ್ಲಿ ಇದ್ದಾರೆ ಎಂದು ಘೋಷಿಸಬಹುದು. ಸೇನೆ ಊರಿನ ಮಧ್ಯೆಯೇ ಕೆಲಸ ಮಾಡುವುದು ಹೆಚ್ಚಾಗಿ ಇಂಥ ಜಾಗಗಳಲ್ಲಿ, ಜನರ ಮೇಲೆ ಗುಂಡು ಬೀಳುವುದೂ ಅಲ್ಲಿಯೇ. ಹಾಗಾಗಿ ವಿನಾಯಿತಿಯೇ ದೊಡ್ಡದಾಗಿಬಿಡುತ್ತದೆ.

ಎರಡೂ ಕೋರ್ಟುಗಳಿಗೆ ಅಧಿಕಾರ ಇದ್ದರೆ 125ನೇ ಸೆಕ್ಷನ್ ಪ್ರಕಾರ ಮೊದಲ ಆಯ್ಕೆ ಸೇನೆಯ ಅಧಿಕಾರಿಯದ್ದು. ಕ್ರಿಮಿನಲ್ ಕೋರ್ಟ್ "ನಮಗೆ ಒಪ್ಪಿಸಿ" ಎಂದು ಕೇಳಬಹುದು, 126ನೇ ಸೆಕ್ಷನ್ ಅದಕ್ಕೆ ಇದೆ. ಇಬ್ಬರಿಗೂ ಒಮ್ಮತ ಆಗದಿದ್ದರೆ ಕೇಂದ್ರ ಸರ್ಕಾರ ತೀರ್ಮಾನಿಸುತ್ತದೆ. ಸತ್ತವರ ಮನೆಯವರಲ್ಲಿ ಕೇಳಬೇಕು ಎಂದು ಎಲ್ಲಿಯೂ ಬರೆದಿಲ್ಲ.

ಇನ್ನು ಒಳಗೆ ಏನು ನಡೆಯುತ್ತದೆ ಅನ್ನುವುದನ್ನೂ ಹೇಳುತ್ತೇನೆ, ಹೊರಗಿನವರಿಗೆ ಇದು ಕಾಣುವುದಿಲ್ಲ. ಜನರಲ್ ಕೋರ್ಟ್ ಮಾರ್ಷಲಿನಲ್ಲಿ ಕಡಿಮೆ ಅಂದರೆ ಐದು ಅಧಿಕಾರಿಗಳು ಕೂರುತ್ತಾರೆ. ಪ್ರತಿಯೊಬ್ಬರೂ ಕಮಿಷನ್ ಪಡೆದು, ಅಂದರೆ ಅಧಿಕಾರಿಯಾಗಿ, ಮೂರು ವರ್ಷ ಆಗಿರಬೇಕು. ಕಾನೂನು ಹೇಳಿಕೊಡಲು ಜಜ್ ಅಡ್ವೊಕೇಟ್ ಇರುತ್ತಾರೆ, ಆದರೆ ಅವರಿಗೆ ಓಟಿಲ್ಲ. ಆರೋಪಿಯನ್ನು ಟೋಪಿ, ಬೆಲ್ಟ್ ಇಲ್ಲದೆ ಒಳಗೆ ತರುತ್ತಾರೆ. ಇಪ್ಪತ್ತು ವರ್ಷ ಸರ್ವಿಸ್ ಮಾಡಿದ ಮನುಷ್ಯ ಬೆಲ್ಟ್ ಇಲ್ಲದೆ ನಿಂತದ್ದನ್ನು ನೋಡಿದರೆ ಎಂಥವನಿಗೂ ಒಂದು ರೀತಿ ಆಗುತ್ತದೆ. ದುಭಾಷಿ ಇದ್ದರೆ ಅವನಿಗೂ ಪ್ರಮಾಣವಚನ ಮಾಡಿಸುತ್ತಾರೆ. ಕೊನೆಗೆ ಬಾಗಿಲು ಹಾಕಿ ಅಭಿಪ್ರಾಯ ಕೇಳುವಾಗ ಎಲ್ಲರಿಗಿಂತ ಕಿರಿಯ ಅಧಿಕಾರಿಯಿಂದ ಶುರು ಮಾಡುತ್ತಾರೆ. ಕರ್ನಲ್ ಮೊದಲು ಬಾಯಿ ಬಿಟ್ಟರೆ ಕ್ಯಾಪ್ಟನ್ ಅದಕ್ಕೆ ಎದುರು ಹೇಳಲು ಹೆದರುತ್ತಾನೆ, ಅದಕ್ಕೇ ಈ ಕ್ರಮ. ಮರಣದಂಡನೆ ಕೊಡಬೇಕಾದರೆ ಮೂರರಲ್ಲಿ ಎರಡು ಪಾಲು ಜನ ಒಪ್ಪಬೇಕು. ಅಷ್ಟಾದರೂ ಶಿಕ್ಷೆ ಜಾರಿ ಆಗುವುದಿಲ್ಲ, ಮೇಲಿನ ಅಧಿಕಾರಿ ದೃಢೀಕರಿಸಬೇಕು.

ಇವೆಲ್ಲ ಒಳ್ಳೆಯ ಕ್ರಮಗಳೇ, ನಾನು ನನ್ನ ಸೇನೆಯನ್ನು ಬಿಟ್ಟುಕೊಡುವವನಲ್ಲ. ಆದರೆ ಇದೆಲ್ಲ ಕಂಟೋನ್ಮೆಂಟಿನ ಗೇಟಿನ ಒಳಗೆ ನಡೆಯುತ್ತದೆ. ಹೊರಗಿನ ಸಾಕ್ಷಿ ಬಂದರೆ ಗೇಟಿನಲ್ಲಿ ಹೆಸರು ಬರೆಸಬೇಕು, ಪಾಸ್ ಮಾಡಿಸಬೇಕು, ಯೂನಿಫಾರ್ಮ್ ಹಾಕಿದವನೊಬ್ಬ ಅವನನ್ನು ಕರೆದುಕೊಂಡು ಬರಬೇಕು. ಯೂನಿಫಾರ್ಮ್ ಹಾಕಿದವನೇ ಅವನ ಮಗನನ್ನು ಕೊಂದಿದ್ದರೆ? ಆ ಗೇಟಿನವರೆಗೆ ಬರಲಿಕ್ಕೇ ಎಷ್ಟು ಧೈರ್ಯ ಬೇಕು ಅಂತ ಮಾವನಲ್ಲಿ ಕೇಳು. ಅವರೂ ಗೇಟ್ ಡ್ಯೂಟಿ ಮಾಡಿರುತ್ತಾರೆ, ಅವರಿಗೆ ಅರ್ಥ ಆಗುತ್ತದೆ.

ಬೇಗ ಮುಗಿಯುತ್ತದೆ ಅನ್ನುವ ಮಾತಿಗೂ ಒಂದು ಉತ್ತರ ಇದೆ. 2009ರ ನವೆಂಬರ್ 5ಕ್ಕೆ ಟೆಕ್ಸಾಸಿನ ಫೋರ್ಟ್ ಹುಡ್ ನೆಲೆಯಲ್ಲಿ ಮೇಜರ್ ನಿಡಾಲ್ ಹಸನ್ 13 ಜನರನ್ನು ಗುಂಡಿಟ್ಟು ಕೊಂದ. ಅವನು ಸೇನೆಯ ಮನೋವೈದ್ಯ. ಸತ್ತವರಲ್ಲಿ ಹೆಚ್ಚಿನವರು ಅವನ ಸೇನೆಯವರೇ. ಸಾಕ್ಷಿಗಳು ಕಣ್ಣ ಮುಂದೆಯೇ ಇದ್ದರು, ಅವನೇ ತನ್ನ ವಕೀಲನಾಗಿ ನಿಂತು ಗುಂಡು ಹಾರಿಸಿದ್ದು ನಾನೇ ಎಂದ. ಆದರೂ ವಿಚಾರಣೆ ಶುರುವಾಗಲು 2013ರ ಆಗಸ್ಟ್ ಬರಬೇಕಾಯಿತು. ಅವನು ಗಡ್ಡ ಬೋಳಿಸಬೇಕೋ ಬೇಡವೋ ಅನ್ನುವ ವ್ಯಾಜ್ಯದಲ್ಲೇ ತಿಂಗಳುಗಟ್ಟಲೆ ಹೋಯಿತು, ಅದರಲ್ಲಿ ನ್ಯಾಯಾಧೀಶರೇ ಬದಲಾದರು. ಮರಣದಂಡನೆ ಆಯಿತು. ಅಪೀಲು ಮುಗಿದು ಅಮೆರಿಕದ ಸುಪ್ರೀಂ ಕೋರ್ಟ್ ಕೇಸು ಕೈಗೆತ್ತಿಕೊಳ್ಳುವುದಿಲ್ಲ ಎಂದದ್ದು 2025ರಲ್ಲಿ. ಅಮೆರಿಕದ ಸೇನೆ ಕೊನೆಯ ಸಲ ಮರಣದಂಡನೆ ಜಾರಿ ಮಾಡಿದ್ದು 1961ರಲ್ಲಿ. ಗಾಯಗೊಂಡ ಸೈನಿಕರಿಗೆ ಪರ್ಪಲ್ ಹಾರ್ಟ್ ಪದಕ ಸಿಕ್ಕಿದ್ದು ಕೂಡ 2015ರಲ್ಲಿ, ಅದೂ ಕಾನೂನು ಬದಲಾದ ಮೇಲೆ. ಸೈನಿಕರೇ ಸತ್ತ ಕೇಸಿನಲ್ಲಿ ಇಷ್ಟು ವರ್ಷ.

ವಿದ್ಯಾನಗರದ ವಕೀಲ

ಹವಾಲ್ದಾರರು ಸೆಕ್ಷನ್ ಎಲ್ಲ ಸರಿಯಾಗಿ ಹೇಳಿದ್ದಾರೆ. ನಾನು ಅದರ ಮುಂದಿನದ್ದು ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಹೆಚ್ಚಿನ ಕೇಸುಗಳು ಕೋರ್ಟ್ ಮಾರ್ಷಲಾ ಸೆಷನ್ಸಾ ಅನ್ನುವ ಪ್ರಶ್ನೆಯವರೆಗೂ ಬರುವುದೇ ಇಲ್ಲ.

ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಓಟಿಂಗ್. 2021ರ ಡಿಸೆಂಬರ್ 4, ಶನಿವಾರ ಸಂಜೆ. ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮುಗಿಸಿ ಪಿಕಪ್ಪಿನಲ್ಲಿ ಮನೆಗೆ ಬರುತ್ತಿದ್ದವರ ಮೇಲೆ ಸೇನೆಯ ವಿಶೇಷ ಪಡೆಯವರು ಗುಂಡು ಹಾರಿಸಿದರು. ಆರು ಜನ ಸತ್ತರು. ಹುಡುಕಿಕೊಂಡು ಬಂದ ಊರವರಿಗೆ ಶವಗಳು ಸೇನೆಯ ಗಾಡಿಯಲ್ಲಿ ಟಾರ್ಪಾಲಿನ ಅಡಿಯಲ್ಲಿ ಸಿಕ್ಕಿದವು. ಗಲಾಟೆ ಆಯಿತು, ಪುನಃ ಗುಂಡು. ಇನ್ನೂ ಏಳು ಊರವರು ಮತ್ತು ಒಬ್ಬ ಸೈನಿಕ ಸತ್ತರು. ಮಾರನೇ ದಿನ ಮೋನ್ ಪೇಟೆಯಲ್ಲಿ ಇನ್ನೊಬ್ಬರು. ಒಟ್ಟು 14 ನಾಗರಿಕರು.

ಇದು ಬೇಲ್ಸನ ಹಾಗೆ ಒಬ್ಬನೇ ಹೋಗಿ ಮಾಡಿದ್ದಲ್ಲ, ಕಾರ್ಯಾಚರಣೆಯಲ್ಲಿ ಆದದ್ದು. ಆ ವ್ಯತ್ಯಾಸವನ್ನು ಮರೆಯಬಾರದು. ಆದರೆ ಮುಂದೇನಾಯಿತು ನೋಡಿ. ರಾಜ್ಯ ಪೊಲೀಸರ ವಿಶೇಷ ತಂಡ ತನಿಖೆ ಮಾಡಿ 2022ರಲ್ಲಿ ಒಬ್ಬ ಮೇಜರ್ ಸೇರಿ 30 ಜನರ ಮೇಲೆ ಆರೋಪಪಟ್ಟಿ ಹಾಕಿತು. ಅಲ್ಲಿ ಅಫ್‌ಸ್ಪಾ, ಅಂದರೆ ಸೇನೆಗೆ ವಿಶೇಷ ಅಧಿಕಾರ ಕೊಡುವ ಕಾನೂನು, ಜಾರಿಯಲ್ಲಿದೆ. 1958ರ ಆ ಕಾನೂನಿನ 6ನೇ ಸೆಕ್ಷನ್ ಪ್ರಕಾರ ಕೇಂದ್ರದ ಅನುಮತಿ ಇಲ್ಲದೆ ಕೇಸು ನಡೆಸುವ ಹಾಗಿಲ್ಲ. ಕೇಂದ್ರ ಅನುಮತಿ ಕೊಡಲಿಲ್ಲ. 2024ರ ಸೆಪ್ಟೆಂಬರ್ 17ಕ್ಕೆ ಸುಪ್ರೀಂ ಕೋರ್ಟ್ ಆ ಕೇಸುಗಳನ್ನು ಮುಕ್ತಾಯ ಮಾಡಿತು. ಮುಂದೆ ಅನುಮತಿ ಸಿಕ್ಕರೆ ಮುಂದುವರಿಸಬಹುದು, ಸೇನೆ ಬೇಕಾದರೆ ಶಿಸ್ತುಕ್ರಮ ತೆಗೆದುಕೊಳ್ಳಬಹುದು ಎಂದಿತು. ಆ ಗಣಿ ಕೆಲಸದವರ ಮನೆಯವರಿಗೆ ಅವರ ಊರಿನ ಕೋರ್ಟೂ ಸಿಗಲಿಲ್ಲ, ಸೇನೆಯ ಕೋರ್ಟೂ ಸಿಗಲಿಲ್ಲ. ನನಗೆ ಇದು ಬೇಲ್ಸ್ ಕೇಸಿಗಿಂತ ಜಾಸ್ತಿ ನೋವು ಕೊಡುತ್ತದೆ.

ಸೇನೆ ಶಿಕ್ಷೆ ಕೊಟ್ಟದ್ದೂ ಇದೆ, ಇಲ್ಲ ಅಂತ ಅಲ್ಲ. 2010ರಲ್ಲಿ ಕಾಶ್ಮೀರದ ಮಾಚಿಲ್‌ನಲ್ಲಿ ಮೂವರು ಹಳ್ಳಿಗರನ್ನು ಕರೆದುಕೊಂಡು ಹೋಗಿ ಕೊಂದು ಉಗ್ರರು ಎಂದು ತೋರಿಸಿದ ಕೇಸಿನಲ್ಲಿ ಕೋರ್ಟ್ ಮಾರ್ಷಲ್ ಜೀವಾವಧಿ ಕೊಟ್ಟಿತು. 2017ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಐವರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. 2020ರಲ್ಲಿ ಕಾಶ್ಮೀರದ ಅಮ್ಶಿಪೋರಾದಲ್ಲಿ ಆದ ಅಂಥದೇ ಕೇಸಿನಲ್ಲಿಯೂ ಕ್ಯಾಪ್ಟನ್ ಒಬ್ಬರ ಜೀವಾವಧಿ ಶಿಕ್ಷೆಗೆ 2023ರಲ್ಲಿ ಅದೇ ಆಯಿತು. ಈ ನ್ಯಾಯಮಂಡಳಿ ಬಂದದ್ದು 2007ರ ಕಾನೂನಿನಿಂದ, ನಮಗೆ ಹತ್ತಿರದ ಪೀಠ ಕೊಚ್ಚಿಯಲ್ಲಿದೆ. ಸೈನಿಕನಿಗೆ ಅಪೀಲು ಮಾಡಲು ಒಂದು ಜಾಗ ಬೇಕು, ಅದನ್ನು ನಾನು ಒಪ್ಪುತ್ತೇನೆ. ಆದರೆ ಅಲ್ಲಿ ವಾದ ನಡೆಯುವುದು ಸೈನಿಕ ಮತ್ತು ಸರ್ಕಾರದ ನಡುವೆ. ಸತ್ತವನ ಅಮ್ಮ ಅಲ್ಲಿ ಪಕ್ಷಗಾರಳಲ್ಲ.

ಇನ್ನೊಂದು ಹಳೆಯ ಕೇಸನ್ನು ನೀವು ಖಂಡಿತ ಓದಬೇಕು. ವಿಯೆಟ್ನಾಮಿನ ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ಊರವರನ್ನು ಕೊಂದದ್ದು, 1968ರ ಮಾರ್ಚ್ 16. ಸತ್ತವರು ವಿಯೆಟ್ನಾಮಿನ ಲೆಕ್ಕದಲ್ಲಿ 504. ಆರೋಪ ಹೊತ್ತ ಸೈನಿಕರಲ್ಲಿ ಶಿಕ್ಷೆ ಆದದ್ದು ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ ಒಬ್ಬನಿಗೆ, 22 ಕೊಲೆಗಳಿಗೆ, 1971ರ ಮಾರ್ಚಿನಲ್ಲಿ. ಜೀವಾವಧಿ. ಕೆಲವೇ ದಿನದಲ್ಲಿ ಅಧ್ಯಕ್ಷ ನಿಕ್ಸನ್ ಅವನನ್ನು ಜೈಲಿನಿಂದ ಬಿಡಿಸಿ ಗೃಹಬಂಧನಕ್ಕೆ ಹಾಕಿಸಿದರು. ಜೀವಾವಧಿ ಇಪ್ಪತ್ತು ವರ್ಷ ಆಯಿತು, ಇಪ್ಪತ್ತು ಹತ್ತಾಯಿತು, 1974ರಲ್ಲಿ ಅವನು ಹೊರಗೆ ಬಂದ. ಆ ತೀರ್ಪು ಬಂದಾಗ ಅಮೆರಿಕದ ಜನರಿಗೆ ಅವನ ಮೇಲೆಯೇ ಮರುಕ ಇತ್ತು. ಮೈ ಲಾಯ್‌ನವರ ಕಣ್ಣ ಮುಂದೆ ಈ ರಿಯಾಯಿತಿ ಕೊಡಲು ಯಾರಿಗಾದರೂ ಮುಖ ಬರುತ್ತಿತ್ತಾ? ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅಲ್ಲಿದೆ.

ಮಂಜೇಶ್ವರ ಕಡಲಕರೆ

ನಾನು ಕಾನೂನು ಓದಿದವನಲ್ಲ, ಬೋಟಿನ ಕೆಲಸ. ನಮ್ಮ ಕಡಲಲ್ಲೇ ಆದ ಒಂದನ್ನು ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

2012ರ ಫೆಬ್ರವರಿ 15. ಬೇಲ್ಸ್ ಕೇಸಿಗಿಂತ ಒಂದು ತಿಂಗಳು ಮೊದಲು. ಕೊಲ್ಲಂ ಕಡೆಯ ಸೇಂಟ್ ಆ್ಯಂಟನಿ ಬೋಟಿನ ಮೇಲೆ ಎನ್ರಿಕಾ ಲೆಕ್ಸಿ ಹಡಗಿನಲ್ಲಿದ್ದ ಇಟಲಿಯ ನೌಕಾಪಡೆಯವರು ಗುಂಡು ಹಾರಿಸಿದರು. ಕಡಲ್ಗಳ್ಳರು ಅಂದುಕೊಂಡೆವು ಎಂದರು. ಬೋಟಿನಲ್ಲಿದ್ದ ಇಬ್ಬರು ಸತ್ತರು. ಇಬ್ಬರೇ, ನೀವು ಹೇಳುವ ಹಾಗೆ ಸಾಮೂಹಿಕ ಕೊಲೆ ಅಲ್ಲ. ಆದರೆ ಕೇಸು ಎಲ್ಲಿ ನಡೆಯಬೇಕು ಅನ್ನುವ ಜಗಳ ಅದೇ.

ಕೇರಳ ಪೊಲೀಸರು ಇಬ್ಬರು ನೌಕಾ ಸೈನಿಕರನ್ನು ಹಿಡಿದರು. ಕೇಸು ಕೊಲ್ಲಂನಲ್ಲಿ ಶುರುವಾಯಿತು. ಆಗ ನಮ್ಮ ದಕ್ಕೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ತುಳುವಿನಲ್ಲಿ, ಬ್ಯಾರಿಯಲ್ಲಿ, ಮಲಯಾಳದಲ್ಲಿ, ಎಲ್ಲರೂ ಕೇಳುತ್ತಿದ್ದದ್ದು ಒಂದೇ, ನಾಳೆ ನಮ್ಮ ಬೋಟಿಗೆ ಆದರೆ? 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಇದು ಕೇರಳದ ಕೈಯಲ್ಲಿ ಇಲ್ಲ, ಕೇಂದ್ರ ವಿಶೇಷ ಕೋರ್ಟ್ ಮಾಡಲಿ ಎಂದಿತು. ಕೇಸು ಕೊಲ್ಲಂನಿಂದ ದೆಹಲಿಗೆ ಹೋಯಿತು. ಅಲ್ಲಿಂದ ದೇಶಗಳ ನಡುವಿನ ವ್ಯಾಜ್ಯ ನೋಡುವ ಹೇಗ್‌ನ ಮಧ್ಯಸ್ಥಿಕೆ ಕೋರ್ಟಿಗೆ. 2020ರಲ್ಲಿ ಅವರ ತೀರ್ಪು ಬಂತು: ಆ ಸೈನಿಕರು ಇಟಲಿ ಸರ್ಕಾರದ ಕೆಲಸದಲ್ಲಿದ್ದರು, ಅವರಿಗೆ ರಕ್ಷಣೆ ಇದೆ, ಭಾರತ ವಿಚಾರಣೆ ಮಾಡುವ ಹಾಗಿಲ್ಲ, ಇಟಲಿ ಪರಿಹಾರ ಕೊಡಲಿ. ಇಟಲಿ 10 ಕೋಟಿ ಕೊಟ್ಟಿತು. ಸತ್ತವರ ಮನೆಗೆ ತಲಾ 4 ಕೋಟಿ, ಬೋಟಿನ ಮಾಲಕರಿಗೆ 2 ಕೋಟಿ. 2021ರ ಜೂನಿನಲ್ಲಿ ಇಲ್ಲಿ ಕೇಸು ಮುಗಿಯಿತು. ವಿಚಾರಣೆ ನಾವು ಮಾಡುತ್ತೇವೆ ಎಂದಿದ್ದ ಇಟಲಿಯಲ್ಲಿ 2022ರ ಜನವರಿಗೆ ರೋಮಿನ ಕೋರ್ಟೂ ಕೇಸನ್ನು ಕೈಬಿಟ್ಟಿತು.

ಹಣ ಬಂತು, ಅದು ಬೇಕಾದದ್ದೇ. ದುಡಿಯುವವನು ಹೋದ ಮನೆಯಲ್ಲಿ ಮಕ್ಕಳ ಓದು ನಿಲ್ಲಬಾರದು. ಆದರೆ ಹತ್ತು ವರ್ಷದಲ್ಲಿ ಒಬ್ಬ ಸಾಕ್ಷಿಯನ್ನು ಕಟಕಟೆಗೆ ಹತ್ತಿಸಿ "ಆ ದಿನ ಏನಾಯಿತು ಹೇಳಪ್ಪಾ" ಎಂದು ಕೇಳಿ ಮುಗಿಸಿದ ವಿಚಾರಣೆ ಯಾವ ದೇಶದಲ್ಲಿಯೂ ಆಗಲಿಲ್ಲ. ಆ ಬೋಟಿನಲ್ಲಿದ್ದು ಬದುಕಿ ಬಂದವರಿಗೆ ಹೇಳಲು ಎಷ್ಟಿತ್ತೋ.

ಪೆರ್ಲದವಳು

ಎಲ್ಲರಿಗೂ ತುಂಬಾ ಧನ್ಯವಾದ. ಹವಾಲ್ದಾರ್ ಅಣ್ಣಾ, ಗೇಟಿನ ಮಾತನ್ನು ಮಾವನಿಗೆ ಓದಿ ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಅದು ಹೌದು, ಗೇಟಿನಲ್ಲಿ ನಾವು ಊರವರಲ್ಲಿ ಒರಟಾಗಿಯೇ ಮಾತಾಡುತ್ತಿದ್ದೆವು" ಎಂದರು. ಆದರೂ ಅವರು ಹಿಡಿದ ಒಂದು ಮಾತು ಬಿಡುವುದಿಲ್ಲ. ಊರವರ ಸಿಟ್ಟಿನ ನಡುವೆ ಸೈನಿಕನಿಗೆ ನ್ಯಾಯವಾದ ವಿಚಾರಣೆ ಸಿಗುತ್ತದಾ ಎಂದು ಕೇಳುತ್ತಾರೆ. ಅದು ಸರಿಯಾದ ಪ್ರಶ್ನೆಯೇ.

ಅದಕ್ಕೆ ಉತ್ತರ ಹುಡುಕುವಾಗ ಅರ್ಮೇನಿಯಾದ ಗ್ಯುಮ್ರಿ ಕೇಸು ಸಿಕ್ಕಿತು. 2015ರ ಜನವರಿ 12. ಅಲ್ಲಿರುವ ರಷ್ಯಾದ ಸೇನಾ ನೆಲೆಯಿಂದ ತಪ್ಪಿಸಿಕೊಂಡ ವಲೇರಿ ಪೆರ್ಮ್ಯಾಕೋವ್ ಎನ್ನುವ ಸೈನಿಕ ಒಂದು ಮನೆಗೆ ನುಗ್ಗಿ ಇಡೀ ಕುಟುಂಬವನ್ನು ಕೊಂದ. ಆರು ಜನ ಅಲ್ಲೇ ಸತ್ತರು, ಆರು ತಿಂಗಳ ಮಗು ಒಂದು ವಾರ ಬದುಕಿದ್ದು ತೀರಿಕೊಂಡಿತು. ಸಿಕ್ಕಿಬಿದ್ದ ಅವನನ್ನು ರಷ್ಯಾದವರು ತಮ್ಮ ನೆಲೆಯಲ್ಲೇ ಇಟ್ಟುಕೊಂಡರು. ತನ್ನ ಪ್ರಜೆಯನ್ನು ಇನ್ನೊಂದು ದೇಶಕ್ಕೆ ಒಪ್ಪಿಸಬಾರದು ಎಂದು ರಷ್ಯಾದ ಸಂವಿಧಾನದಲ್ಲೇ ಇದೆ. ಗ್ಯುಮ್ರಿಯ ಜನ ಸಾವಿರಗಟ್ಟಲೆ ಬೀದಿಗೆ ಬಂದು ರಷ್ಯಾದ ಕಾನ್ಸುಲೇಟಿನ ಮುಂದೆ ನಿಂತರು. ಕೊನೆಗೆ ಕೇಸನ್ನು ಎರಡು ಮಾಡಿದರು. ಸೇನೆ ಬಿಟ್ಟು ಓಡಿದ್ದು, ಬಂದೂಕು ಕದ್ದದ್ದು ರಷ್ಯಾದ ಸೇನಾ ಕೋರ್ಟಿಗೆ, ಅದಕ್ಕೆ 10 ವರ್ಷ. ಕೊಲೆಯ ಕೇಸು ಅರ್ಮೇನಿಯಾದ ಕೋರ್ಟಿಗೆ. 2016ರ ಆಗಸ್ಟಿನಲ್ಲಿ ಆ ಕೋರ್ಟ್ ಅವನಿಗೆ ಜೀವಾವಧಿ ಕೊಟ್ಟಿತು. ಸೈನಿಕನನ್ನು ಊರವರ ಕೈಗೆ ಕೊಡದೆಯೂ, ಊರಿನ ಕಾನೂನಿನಲ್ಲಿ, ಊರಿನ ನ್ಯಾಯಾಧೀಶರು ತೀರ್ಪು ಕೊಡಬಹುದು ಎಂದಾಯಿತಲ್ವಾ? ಮಾವ ಇದನ್ನು ಒಪ್ಪಿದರು.

ನನಗೆ ಈ ವಿಷಯ ಇಷ್ಟು ಯಾಕೆ ಕಾಡುತ್ತದೆ ಅಂದರೆ, ನಾನು ಕಾಸರಗೋಡಿನವಳು. ನನ್ನ ಅಜ್ಜಿ ಒಂದು ಜಾಗದ ಕೇಸಿನಲ್ಲಿ ಸಾಕ್ಷಿ ಹೇಳಲು ಹೋಗಿದ್ದರು. ಯಾವ ಕೋರ್ಟ್ ಅಂತ ಬೇಡ. ನಾನು ಸಣ್ಣವಳು, ಅವರ ಜೊತೆಗೆ ಹೋಗಿದ್ದೆ. ಅಜ್ಜಿ ಕನ್ನಡದಲ್ಲಿ ನಿಧಾನಕ್ಕೆ ಎಲ್ಲ ಹೇಳಿದರು: ಗಡಿಯ ಹಲಸಿನ ಮರ, ತೋಡು, ಮುತ್ತಜ್ಜ ಕಟ್ಟಿದ ಕಲ್ಲಿನ ಅಗಳು. ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡರು. ವಕೀಲರು ಅವರೊಳಗೆ ಮಲಯಾಳದಲ್ಲಿ ಮಾತಾಡಿದರು. ಕಾಗದ ಮುಂದೆ ಹಿಡಿದರು, ಅಜ್ಜಿ ಸಹಿ ಹಾಕಿದರು. ಬಸ್ಸಿನಲ್ಲಿ ಬರುವಾಗ "ನಾನು ಹೇಳಿದ್ದನ್ನೇ ಬರೆದರಾ ಮಗಾ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅದು ಬರೀ ಜಾಗದ ಕೇಸು. ಹನ್ನೊಂದು ಜನರನ್ನು ಕಳೆದುಕೊಂಡವನು ಇನ್ನೊಂದು ದೇಶದ ಸೇನಾ ನೆಲೆಯಲ್ಲಿ ಕೂತು, ದುಭಾಷಿ ತನ್ನ ಮಾತನ್ನು ಹೇಗೆ ಹೇಳುತ್ತಿದ್ದಾನೋ ಎಂದು ಅವನ ಮುಖವನ್ನೇ ನೋಡುತ್ತಿರಬೇಕು. ಶಿಕ್ಷೆ ಆಯಿತಲ್ಲ ಎಂದು ಅದನ್ನು ಬಿಟ್ಟುಬಿಡಲು ನನ್ನಿಂದ ಆಗುವುದಿಲ್ಲ.

ವಕೀಲರೇ, ಒಂದು ಕೇಳಲಾ? ಸಾಕ್ಷಿ ಹೇಳಿದ್ದನ್ನು ಅವರ ಭಾಷೆಯಲ್ಲೇ ಓದಿ ಹೇಳಬೇಕು ಎಂದು ನಮ್ಮ ಕಾನೂನಿನಲ್ಲಿ ಇದೆಯಾ?

ವಿದ್ಯಾನಗರದ ವಕೀಲ

ಕ್ರಿಮಿನಲ್ ಕೇಸಿನಲ್ಲಿ ಇದೆ. ಹಳೆಯ ಸಿಆರ್‌ಪಿಸಿ, ಅಂದರೆ ಕ್ರಿಮಿನಲ್ ಕೇಸು ನಡೆಸುವ ಕ್ರಮದ ಕಾನೂನು, ಅದರ 278ನೇ ಸೆಕ್ಷನ್. ಸಾಕ್ಷಿ ಒಂದು ಭಾಷೆಯಲ್ಲಿ ಹೇಳಿ ದಾಖಲೆ ಇನ್ನೊಂದು ಭಾಷೆಯಲ್ಲಿ ಆಗಿದ್ದು, ಅದು ಸಾಕ್ಷಿಗೆ ಗೊತ್ತಿಲ್ಲದಿದ್ದರೆ, ಅವರು ಹೇಳಿದ ಭಾಷೆಯಲ್ಲಿ ಅಥವಾ ಅವರಿಗೆ ಅರ್ಥ ಆಗುವ ಭಾಷೆಯಲ್ಲಿ ಅದನ್ನು ವಿವರಿಸಬೇಕು. ಅದರ ಬದಲಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಇದು ಉಳಿದಿದೆ. ಬರೆದದ್ದು ಸರಿಯಿಲ್ಲ ಎಂದು ಸಾಕ್ಷಿ ಹೇಳಿದರೆ ನ್ಯಾಯಾಧೀಶರು ತಿದ್ದಬಹುದು, ತಿದ್ದದಿದ್ದರೆ ಆ ಆಕ್ಷೇಪವನ್ನು ಟಿಪ್ಪಣಿ ಮಾಡಿಕೊಳ್ಳಬೇಕು. ನಾನು ನನ್ನ ಕಕ್ಷಿಗಾರರಿಗೆ ಕಟಕಟೆ ಹತ್ತುವ ಮೊದಲೇ ಹೇಳಿಕೊಡುತ್ತೇನೆ: "ಕನ್ನಡದಲ್ಲಿ ಓದಿ ಹೇಳಿ ಸಾರ್, ಮತ್ತೆ ಸಹಿ ಹಾಕುತ್ತೇನೆ" ಎಂದು ಕೇಳಿ, ಹೆದರಬೇಡಿ. ಕೇಳಿದವರಿಗೆ ಓದಿ ಹೇಳುತ್ತಾರೆ. ಕೇಳುವವರು ಕಡಿಮೆ.

ನೀವು ಓದು ಮುಗಿಸಿ ವಿದ್ಯಾನಗರಕ್ಕೇ ಬನ್ನಿ. ಕನ್ನಡದಲ್ಲಿ ಮಾತಾಡುವ ಸಾಕ್ಷಿಗಳು ಇಲ್ಲಿ ದಿನಾ ಬರುತ್ತಾರೆ.

ಮುಳ್ಳೇರಿಯದ ನಿವೃತ್ತ ಹವಾಲ್ದಾರ್

ಕೋರ್ಟ್ ಮಾರ್ಷಲಿನಲ್ಲಿಯೂ ಸಾಕ್ಷಿಗೆ ಅವನ ಹೇಳಿಕೆ ಓದಿ ಹೇಳುವ ಕ್ರಮ ಇದೆ ತಂಗೀ, ಆರ್ಮಿ ರೂಲ್ಸ್ 1954 ತೆಗೆದು ನೋಡು. ಆ ಹೇಳಿಕೆಗಳನ್ನು ಟೈಪ್ ಮಾಡಿದವನು ನಾನು. ಮಾವನಿಗೆ ನನ್ನ ನಮಸ್ಕಾರ ಹೇಳು. ಪಿಂಚಣಿ ಕೆಲಸಕ್ಕೆ ಕಣ್ಣೂರಿನ ಡಿಎಸ್‌ಸಿ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಸೆಂಟರಿನ ಕಡೆ ಬರುವುದಿದ್ದರೆ ಒಟ್ಟಿಗೆ ಹೋಗಬಹುದು, ದಾರಿಯಲ್ಲಿ ಈ ಮಾತು ಮುಂದುವರಿಸುತ್ತೇವೆ.